ಗೋಡೆಯ ಆಚೆ ತುಳು

ಸುಝೌ ಎಂಬ ಊರಿನ ಆ ಹಳೆಯ ಚೀನೀ ತೋಟದೊಳಗೆ ಕಾಲಿಟ್ಟು ಅಮ್ಮ ಆಡಿದ ಮೊದಲ ಮಾತು, "ಇಷ್ಟು ದೊಡ್ಡ ಜಾಗದಲ್ಲಿ ಒಂದು ತೆಂಗಿನ ಮರ ನೆಡಲಿಕ್ಕೆ ಆಗಲಿಲ್ಲವಾ ಇವರಿಗೆ?" ಎರಡನೆಯ ಮಾತು ನನಗೆ. "ನೀನೆಂತ ಬಾಯಿ ಬಿಟ್ಟು ನೋಡುವುದು? ಕೈ ಹಿಡಿ. ಹೊಸ್ತಿಲು ಎಷ್ಟು ಎತ್ತರ ಉಂಟು ನೋಡು. ನಾನು ಬಿದ್ದರೆ ಕಷ್ಟ ನಿನಗೇ."

ಆ ಮಾತು ನಿಜವಾಗಿತ್ತು. ಅಮ್ಮನಿಗೆ ಸಕ್ಕರೆ ಕಾಯಿಲೆ. ಎಡಗಾಲಿನ ಹೆಬ್ಬೆರಳ ಕೆಳಗೆ ಒಂದು ಗಾಯ, ಮಾಗಿದ ಹಾಗೆ ಮಾಡುತ್ತದೆ, ಮತ್ತೆ ಬಾಯಿ ಬಿಡುತ್ತದೆ. ನವಿ ಮುಂಬಯಿಯ ನೆರೂಳದ ನಮ್ಮ ಫ್ಲ್ಯಾಟಿನಲ್ಲಿ ಬೆಳಿಗ್ಗೆ ಆಫೀಸಿಗೆ ಹೊರಡುವ ಮೊದಲು ಅದನ್ನು ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು, ಒರಸಿ, ಮುಲಾಮು ಹಚ್ಚಿ ಪಟ್ಟಿ ಕಟ್ಟುವವಳು ನಾನು. ಸಂಜೆ ಬಂದು ಬಿಚ್ಚುವವಳೂ ನಾನು. ಅಣ್ಣ ಇರುವುದು ಘಣಸೋಲಿಯ ಹೊಸ ಟವರಿನಲ್ಲಿ, ಹೆಂಡತಿಯ ಜೊತೆ. ಭಾನುವಾರ ಬಂದು ಅಮ್ಮನ ಕೈಗೆ ಸೀತಾಫಲ ಕೊಟ್ಟು ಹೋಗುತ್ತಿದ್ದ. ಸಕ್ಕರೆ ಕಾಯಿಲೆಯವಳಿಗೆ ಸೀತಾಫಲ! ಅಮ್ಮ ಅದನ್ನು ತಿಂದು, ಮುಂದಿನ ಭಾನುವಾರದವರೆಗೆ ಮಗನನ್ನು ಹೊಗಳಿ, ನಾನು ಮಾಡಿದ ಗಂಜಿಗೆ ಮುಖ ಸಿಂಡರಿಸುತ್ತಿದ್ದಳು.

ಅಣ್ಣನಿಗೆ ತುರ್ಭೆಯಲ್ಲಿ ಪ್ಯಾಕಿಂಗ್ ಮಷೀನು ತರಿಸಿ ಮಾರುವ ವ್ಯಾಪಾರ. ಮಷೀನು ಬರುವುದು ಸುಝೌ ಕಡೆಯ ಕಾರ್ಖಾನೆಯಿಂದ. ಕೊರೋನಾ ಕಳೆದು ಚೀನಾದ ವೀಸಾ ಮತ್ತೆ ಸಿಗತೊಡಗಿದ್ದೇ ಅವನು ಹೊರಟು ನಿಂತ, ಅಮ್ಮ ತಾನೂ ಬರುತ್ತೇನೆಂದು ಹಟ ಹಿಡಿದಳು. ಮಗ ದೊಡ್ಡ ಮನುಷ್ಯನಾದ ದೇಶವನ್ನು ಸಾಯುವ ಮೊದಲು ನೋಡಬೇಕಂತೆ. ನೋಡಬೇಕು ಅಂದರೆ, ನೋಡಿ ಬಂದು ನೆರೂಳದ ಭಜನೆಯ ಹೆಂಗಸರಿಗೆ ಹೇಳಬೇಕು. ಅವಳು ಹೋಗುವುದಾದರೆ ಕಾಲು ತೊಳೆಯುವವಳೂ ಹೋಗಬೇಕಲ್ಲ, ಹಾಗೆ ನಾನೂ ಹೊರಟೆ.

ನನಗೂ ಆಸೆ ಇತ್ತು, ಸುಳ್ಳು ಯಾಕೆ ಹೇಳಲಿ. ವಾಶಿಯ ಒಂದು ಆಫೀಸಿನಲ್ಲಿ ತೋಟಗಳ ನಕ್ಷೆ ಬಿಡಿಸುವುದು ನನ್ನ ಕೆಲಸ. ಟವರುಗಳ ಪಾರ್ಕಿಂಗಿನ ತಾರಸಿಗೆ ಮಣ್ಣು ಸುರಿದು ಹುಲ್ಲು ಬೆಳೆಸುತ್ತಾರಲ್ಲ, ಅಂಥ ತೋಟಗಳು. ಆಗ ಠಾಣೆ ಪಟ್ಟಣದ ಒಬ್ಬ ಬಿಲ್ಡರನಿಗೆ ಚೀನೀ ತೋಟ ಬೇಕಾಗಿತ್ತು. ಚೀನೀ ತೋಟ ಅಂದರೆ ಅವನ ಪ್ರಕಾರ ಕೆಂಪು ಲಾಟೀನು, ಒಂದು ಡ್ರ್ಯಾಗನ್ನು, ಸೆಲ್ಫಿ ತೆಗೆಯಲಿಕ್ಕೆ ಒಂದು ಕಮಾನು ಸೇತುವೆ. ನಿಜವಾದದ್ದು ಹೇಗಿರುತ್ತದೆ ಎಂದು ಒಮ್ಮೆ ಕಣ್ಣಾರೆ ನೋಡಬೇಕೆಂದು ನನಗಿತ್ತು.

ಆ ಕೆಲಸದಲ್ಲಿ ನನ್ನ ಜೊತೆಗಿದ್ದವರು ಮೈಸೂರು ಕಡೆಯ ಒಬ್ಬ ಇಂಜಿನಿಯರು. ತೋಟದ ಭಾರವನ್ನು ಸ್ಲ್ಯಾಬು ತಡೆಯುತ್ತದೆಯೇ ಎಂದು ನೋಡುವವರು. ಹೆಂಡತಿ ತೀರಿಕೊಂಡ ಮೇಲೆ ಠಾಣೆಯಲ್ಲಿ ಒಬ್ಬರೇ ಇದ್ದರು. "ನೀವು ಇಲ್ಲಿ ಬಂಡೆ ಇಟ್ರೆ ಕೆಳಗಿನವರ ಕಾರು ಚಪಾತಿ ಆಗತ್ತೆ ಕಣ್ರೀ" ಎಂದು ನನ್ನನ್ನು ನಗಿಸುತ್ತಿದ್ದರು. ನಾನು ನಲವತ್ತು ದಾಟಿದವಳು, ನಗುವುದು ಮರೆತೇ ಹೋದ ಹಾಗಿತ್ತು. ಒಂದು ದಿನ ಸೈಟಿನಿಂದ ಹಿಂದಿರುಗುವಾಗ ಅವರು ಸುತ್ತಿ ಬಳಸದೆ ಕೇಳಿಬಿಟ್ಟರು, "ನಾವಿಬ್ಬರೂ ಮದುವೆ ಆಗೋಣ್ವಾ?" ಬೇಡ ಎಂದೆ. ಕಾರಣವನ್ನೂ ಹೇಳಿದೆ. ಅವರು ನಗಲಿಲ್ಲ. "ಇದನ್ನೆಲ್ಲ ನಾನು ನಂಬಲ್ಲ. ನೀವು ನಂಬ್ತೀರಾ?" ಎಂದರು. ನಂಬುವುದಿಲ್ಲ ಎಂದೆ. "ಮತ್ತೆ?" ಎಂದರು. ಆಮೇಲೂ ಅವರು ಕೇಳುವುದನ್ನು ಬಿಡಲಿಲ್ಲ, ಸುದ್ದಿ ಅಮ್ಮ, ಅಣ್ಣನವರೆಗೂ ಹೋಗಿತ್ತು. ನಾನು ಚೀನಾಕ್ಕೆ ಹೊರಡುವ ಮುನ್ನ, "ಬಂದ ಮೇಲೆ ಒಂದು ಮಾತು ಹೇಳಿಬಿಡಿ. ಇಲ್ಲ ಅಂದ್ರೆ ಮತ್ತೆ ಕೇಳಲ್ಲ" ಎಂದರು.

ನಾನು ಹೇಳಿದ ಕಾರಣ ನಾಗದೋಷ. ನಮ್ಮದು ಉಡುಪಿ ಕಡೆಯ ಅಳಿಯಕಟ್ಟಿನ ಮನೆ. ಆಸ್ತಿ, ದೈವ, ನಾಗ ಎಲ್ಲವೂ ತಾಯಿಯಿಂದ ಮಗಳಿಗೆ. ಅಮ್ಮನ ತವರಿನ ಗದ್ದೆಯ ಅಂಚಿಗೆ ನಾಗಬನವಿತ್ತು. ಹಳೆಯ ಮರಗಳು, ಬಳ್ಳಿಗಳು, ನಡುವೆ ನಾಗನ ಕಲ್ಲುಗಳು. ಅಲ್ಲಿ ಒಂದು ಕಡ್ಡಿಯನ್ನೂ ಮುರಿಯಬಾರದು. ಸಣ್ಣವಳಿದ್ದಾಗ, ನಾವು ಆಗ ಇದ್ದ ಡೊಂಬಿವಲಿಯಿಂದ ರಜೆಗೆ ಹೋದ ನಾನು ಅಲ್ಲಿಂದ ಒಂದು ಕಡ್ಡಿ ಮುರಿದುಕೊಂಡು ಬಂದೆ, ದನ ಓಡಿಸುವ ಆಟಕ್ಕೆ. ಅಜ್ಜಿ ಕೆನ್ನೆಗೆ ಒಂದು ಬಾರಿಸಿದಳು, ತಪ್ಪುಕಾಣಿಕೆ ಹಾಕಿಸಿದಳು. ಅಜ್ಜಿಯ ಪಾಲಿಗೆ ಅದು ಅಲ್ಲಿಗೆ ಮುಗಿಯಿತು. ಅಮ್ಮನ ಪಾಲಿಗೆ ಮುಗಿಯಲಿಲ್ಲ.

ದೊಡ್ಡವಳಾದ ಮೇಲೆ ನನಗೊಂದು ಸಂಬಂಧ ಕೂಡಿ ಬಂತು. ಕಲ್ಯಾಣದ ಹುಡುಗ, ಬ್ಯಾಂಕಿನಲ್ಲಿ ಕೆಲಸ. ಮದುವೆಯ ಕಾಗದ ಹಂಚುತ್ತಿದ್ದ ದಿನಗಳಲ್ಲಿ ಅವನು ಬೆಳಗಿನ ಫಾಸ್ಟ್ ಲೋಕಲ್ ರೈಲಿನ ಬಾಗಿಲಲ್ಲಿ ನೇತಾಡುತ್ತಾ ಹೋಗಿ, ದಿವಾ ದಾಟಿ ಮುಂಬ್ರಾ ಬರುವ ಮೊದಲು ಕೈ ಜಾರಿ ಬಿದ್ದ. ಆ ನೂಕುನುಗ್ಗಲು ಗೊತ್ತಿದ್ದವರು ಯಾರೂ ಅದಕ್ಕೆ ಬೇರೆ ಕಾರಣ ಹುಡುಕುವುದಿಲ್ಲ. ಅಮ್ಮ ಹುಡುಕಿದಳು. ಹೆಣ ಎತ್ತುವ ಮೊದಲೇ, ಅವನ ತಾಯಿಯ ಎದುರಿಗೇ, "ನನ್ನ ಮಗಳ ನಾಗದೋಷ ನಿಮ್ಮ ಮಗನನ್ನು ತಿಂದಿತು" ಎಂದು ಅತ್ತಳು. ಆ ತಾಯಿ ತಲೆಯೆತ್ತಿ ನನ್ನನ್ನು ನೋಡಿದ ನೋಟವನ್ನು ನಾನು ಇವತ್ತಿಗೂ ಮರೆತಿಲ್ಲ.

ಆಮೇಲೆ ಯಾವ ಸಂಬಂಧ ಬಂದರೂ ಅಮ್ಮನೇ ಮೊದಲು ದೋಷದ ಸುದ್ದಿ ಎತ್ತುತ್ತಿದ್ದಳು. "ಮೋಸ ಮಾಡಬಾರದಲ್ಲ" ಎನ್ನುತ್ತಿದ್ದಳು, ಹರಿಶ್ಚಂದ್ರನ ವಂಶದವಳ ಹಾಗೆ. ಪ್ರತಿ ನಾಗರ ಪಂಚಮಿಗೆ ಅಮ್ಮ, ಅಣ್ಣ, ಅತ್ತಿಗೆ ಊರಿಗೆ ಹೋಗಿ ಬನದ ಕಲ್ಲಿಗೆ ಹಾಲು, ಎಳನೀರು ಎರೆದು ಬರುತ್ತಿದ್ದರು. ನಾನು ಹೋಗುವ ಹಾಗಿಲ್ಲ. ನಾನು ಬನದ ಮಣ್ಣು ಮೆಟ್ಟಿದರೆ ದೋಷ ಮತ್ತೆ ಎಚ್ಚರಾಗುತ್ತದಂತೆ. ಆ ದಿನ ನೆರೂಳದಲ್ಲಿ ಒಬ್ಬಳೇ ಅರಸಿನ ಎಲೆಯ ಗಟ್ಟಿ, ಪಂಚಮಿಯ ಸಿಹಿ ಕಡುಬು, ಬೇಯಿಸಿ ತಿನ್ನುತ್ತಿದ್ದೆ. ತಾಯಿಯ ನಂತರ ಬನ ಬರಬೇಕಾದದ್ದು ಮಗಳಿಗೆ, ಬನಕ್ಕೆ ಹೋಗಬಾರದವಳೂ ಅದೇ ಮಗಳು. ಎಂಥ ಚಂದ ನೋಡಿ.

ನಂಬುವುದಿಲ್ಲ ಎಂದೆನಲ್ಲ, ಅದು ಬಾಯಿಮಾತಿಗೆ. ಮೈಸೂರಿನ ಅವರು ಠಾಣೆ ಸ್ಟೇಶನ್ನಿನಲ್ಲಿ ಓಡಿ ಗಾಡಿ ಹತ್ತುವುದನ್ನು ಕಂಡರೆ ನನ್ನ ಎದೆ ಧಸಕ್ಕೆನ್ನುತ್ತಿತ್ತು. ಅದಕ್ಕೆ ಏನು ಹೆಸರು ಬೇಕಾದರೂ ಇಟ್ಟುಕೊಳ್ಳಿ.

ಇನ್ನು ನಮ್ಮ ತುಳುವಿನ ಚಟವೊಂದನ್ನು ಹೇಳಬೇಕು. ಮುಂಬಯಿ ಸೀಮೆಯ ತುಳುವರು ಯಾರನ್ನು ಆಡಿಕೊಳ್ಳುವುದಿದ್ದರೂ ಅವರ ಎದುರಿಗೇ ತುಳುವಿನಲ್ಲಿ ಆಡಿಕೊಳ್ಳುತ್ತಾರೆ. ಅಂಗಡಿಯವನ ಮುಂದೆಯೇ ಅವನ ಮಾಲಿಗೆ ಬೈಯುತ್ತಾರೆ, ಡಾಕ್ಟರ ಮುಂದೆಯೇ ಡಾಕ್ಟರಿಗೆ ಬೈಯುತ್ತಾರೆ, ಯಾರಿಗೆ ಗೊತ್ತಾಗುತ್ತದೆ ಎಂಬ ಧೈರ್ಯದಲ್ಲಿ. ಅಮ್ಮ ಇದರಲ್ಲಿ ಎತ್ತಿದ ಕೈ. ಒಮ್ಮೆ ಡೊಂಬಿವಲಿಯಿಂದ ಹೊರಟ ಗಾಡಿಯ ಲೇಡೀಸ್ ಡಬ್ಬಿಯಲ್ಲಿ ಎದುರು ಕೂತವಳನ್ನು ತೋರಿಸಿ, "ಈ ಎಮ್ಮೆ ಸ್ವಲ್ಪ ಸರಿದರೆ ಮೂರು ಜನ ಕೂತುಕೊಳ್ಳಬಹುದು" ಎಂದಳು. ಆ ಹೆಂಗಸು ಠಾಣೆಯಲ್ಲಿ ಎದ್ದು ನಿಂತು, ಶುದ್ಧ ತುಳುವಿನಲ್ಲಿ, "ಎಮ್ಮೆ ಇಳಿಯುತ್ತದೆ ಅಮ್ಮ, ಇನ್ನು ಕಾಲು ಚಾಚಿ ಮಲಗಿ" ಎಂದು ಹೇಳಿ ಇಳಿದು ಹೋದಳು. ಡಬ್ಬಿಯಲ್ಲಿ ನನಗೆ ಮುಖ ಎತ್ತಲಾಗಲಿಲ್ಲ. ಅಮ್ಮನಿಗೆ ಏನೂ ಆಗಲಿಲ್ಲ.

ಈಗ ತೋಟಕ್ಕೆ ಬರುತ್ತೇನೆ. ಬಾಗಿಲು ದಾಟಿದರೆ ತೋಟ ಕಾಣಿಸುವುದೇ ಇಲ್ಲ. ಎದುರಿಗೆ ಬರೀ ಸುಣ್ಣದ ಗೋಡೆ. ಪಕ್ಕದಲ್ಲಿ ಇಬ್ಬರು ಜೊತೆಯಾಗಿ ನಡೆಯಲಾರದಷ್ಟು ಕಿರಿದಾದ ಮಬ್ಬು ಓಣಿ. ಅದು ತಿರುಗುತ್ತದೆ, ಮತ್ತೆ ತಿರುಗುತ್ತದೆ, ಇನ್ನೇನು ದಾರಿ ತಪ್ಪಿತು ಎನ್ನುವಾಗ ಗೋಡೆಯ ಒಂದು ಕಿಂಡಿಯಲ್ಲಿ ಚೂರು ನೀರು ಮಿನುಗುತ್ತದೆ. ಇನ್ನೊಂದು ತಿರುವಿನಲ್ಲಿ ಒಮ್ಮೆಲೇ ಬೆಳಕು, ಕೊಳ, ಬಾಗಿದ ಮರ, ಮಂಟಪ. ನಾನು ಉಸಿರು ಬಿಗಿಹಿಡಿದು ನಿಂತೆ. ಇದ್ದದ್ದನ್ನು ಮೊದಲು ಮುಚ್ಚಬೇಕು, ಆಮೇಲೆ ಸ್ವಲ್ಪ ಸ್ವಲ್ಪವೇ ಬಿಟ್ಟುಕೊಡಬೇಕು, ಇದೇ ಇಲ್ಲಿಯ ನಿಯಮ ಎಂದಳು ನಮ್ಮ ಗೈಡ್ ಹುಡುಗಿ, ಇಂಗ್ಲಿಷಿನಲ್ಲಿ. ಠಾಣೆಯ ಬಿಲ್ಡರನಿಗೆ ಇದನ್ನು ಹೇಗೆ ಹೇಳುವುದು ಎಂದು ನಾನು ಯೋಚಿಸುತ್ತಿದ್ದೆ. ಅವನಿಗೆ ಗೇಟಿನಿಂದಲೇ ಎಲ್ಲ ಕಾಣಬೇಕು.

ಕೊಳಕ್ಕೆ ಕೊನೆ ಎಂಬುದು ಕಾಣಲಿಲ್ಲ. ಹತ್ತಿರ ಹೋಗಿ ನೋಡಿದರೆ ನೀರು ಒಂದು ಸಣ್ಣ ಸೇತುವೆಯ ಅಡಿಯಲ್ಲಿ ನುಗ್ಗಿ ಅಲ್ಲೇ ನಿಂತಿದೆ. ಆದರೆ ಸೇತುವೆ ಅಡ್ಡವಿರುವುದರಿಂದ ಅದು ಹರಿದು ಎಲ್ಲಿಗೋ ಹೋಗುತ್ತಿದೆ ಎಂದು ಕಣ್ಣು ನಂಬಿಬಿಡುತ್ತದೆ. ಬಿದಿರಿನ ಹಿಂದೆ ಬೇಕೆಂದೇ ಖಾಲಿ ಬಿಳಿ ಗೋಡೆ, ನೆರಳು ಬೀಳಲಿಕ್ಕೆ. ಕಿಟಕಿಯ ಹೊರಗೆ ಬಾಳೆ, ಮಳೆಯ ಸದ್ದು ಕೇಳಲಿಕ್ಕೆ. ದೂರದಲ್ಲಿ, ತೋಟದ ಬೇಲಿಯಿಂದ ಎಷ್ಟೋ ಆಚೆ, ಊರಿನ ಒಂದು ಗೋಪುರವಿತ್ತು. ಎರಡು ಕಡೆಯ ಮರಗಳ ನಡುವೆ ಅದು ತೋಟದ್ದೇ ಎನ್ನುವ ಹಾಗೆ ಕಾಣುತ್ತಿತ್ತು. ಗೈಡ್ ಅದನ್ನು ಸಾಲ ತಂದ ನೋಟ ಎಂದಳು. ನಾನು ಅಮ್ಮನಿಗೆ ತಿಳಿಸಿ ಹೇಳಿದೆ. ಅಮ್ಮ ಕೇಳಿ, "ಪಕ್ಕದವರದ್ದನ್ನು ತನ್ನದು ಅಂತ ತೋರಿಸುವುದು. ನಿನ್ನ ಅತ್ತಿಗೆ ಮದುವೆಗೆ ಬಂಗಾರ ಹಾಕಿಕೊಂಡು ಬಂದ ಹಾಗೆ" ಎಂದಳು. ಅಣ್ಣ ಫೋನಿನಿಂದ ತಲೆ ಎತ್ತದೆ ನಕ್ಕ. ಗೈಡ್ ಹುಡುಗಿಯೂ ಏನೂ ತಿಳಿಯದೆ ನಕ್ಕಳು.

ಕೊಳದ ಮೇಲೆ ಅಂಕುಡೊಂಕಿನ ಕಲ್ಲುಸೇತುವೆ. ದೆವ್ವಗಳು ನೇರ ಮಾತ್ರ ನಡೆಯುತ್ತವೆ, ಅದಕ್ಕೇ ಸೇತುವೆ ಡೊಂಕು ಎಂದಳು ಗೈಡ್. ಅದನ್ನು ಅಮ್ಮನಿಗೂ ಹೇಳಿ, ನಾನು ಮುಂದೆ ದಾಟಿ ಹೋಗಿ ಅವಳಿಗೆ ಕೈ ಚಾಚಿದೆ. ಅಮ್ಮ ಅಣ್ಣನ ಕಡೆ ತಿರುಗಿ, "ಹಾಗಾದರೆ ಇವಳು ಹೇಗೆ ದಾಟಿದಳು ಮಾರಾಯ?" ಎಂದಳು. ಅಣ್ಣ ಮತ್ತೆ ನಕ್ಕ. ಚಾಚಿದ ಕೈಯನ್ನು ನಾನು ಹಿಂದೆ ತೆಗೆದುಕೊಳ್ಳಲಿಲ್ಲ. ಅಭ್ಯಾಸ.

ಸೇತುವೆಯ ಆಚೆ, ಮುದಿ ಮರವೊಂದರ ಅಡಿಯಲ್ಲಿ, ಆ ಕಲ್ಲು ನಿಂತಿತ್ತು. ಆಳಿಗಿಂತ ಎತ್ತರ, ತೆಳ್ಳಗೆ, ಮೈತುಂಬ ಸುಕ್ಕು, ತೂತು. ಸರೋವರದ ತಳದಿಂದ ಎತ್ತಿ ತಂದದ್ದಂತೆ, ಇಂಥ ಕಲ್ಲನ್ನು ಇಲ್ಲಿಯವರು ಬೆಟ್ಟವೆಂದೇ ತಿಳಿದು ನೋಡುತ್ತಾರಂತೆ. ಗೈಡ್ ಹೇಳಿ ಮುಗಿಸುವ ಮೊದಲೇ ಅಮ್ಮ ಚಪ್ಪಲಿ ಕಳಚಿದ್ದಳು. ಕೋಲನ್ನು ಅಣ್ಣನ ಕೈಗೆ ಕೊಟ್ಟು, ಪಟ್ಟಿ ಕಟ್ಟಿದ ಕಾಲನ್ನು ನೆಲಕ್ಕೆ ಊರಿ, ಎರಡೂ ಕೈ ಜೋಡಿಸಿ, "ನಾಗಾ, ಕಾಪಾಡು" ಎಂದಳು. ಮರ, ನೆರಳು, ನಿಂತ ಕಲ್ಲು. ನಮ್ಮ ಕಡೆಯ ಯಾರು ಕಂಡರೂ ಕೈ ಮುಗಿಯುವಂತೆಯೇ ಇತ್ತು, ಅದರಲ್ಲಿ ಅವಳನ್ನು ತಮಾಷೆ ಮಾಡಲಾರೆ. ನನ್ನ ಕೈಗಳೂ ಮೇಲೆ ಎದ್ದಿದ್ದವು.

"ಏ! ನೀನು ಅಲ್ಲೇ ನಿಲ್ಲು. ಹತ್ತಿರ ಬರಬೇಡ!"

ಸುತ್ತಲಿನ ಜನ ತಿರುಗಿ ನೋಡಿದರು. ನನ್ನ ಮುಖ ಕಾದ ಕಾವಲಿಯಂತೆ ಬಿಸಿಯಾಯಿತು. "ಚೀನಾದ ಕಲ್ಲಿಗೂ ನನ್ನ ದೋಷ ತಗಲುತ್ತದಾ ಅಮ್ಮ?" ಎಂದೆ.

"ನಾಗನಿಗೆ ಪಾಸ್‌ಪೋರ್ಟು ಬೇಕಾ? ಅಧಿಕಪ್ರಸಂಗ ಮಾಡಬೇಡ. ಆಚೆ ಹೋಗು, ಆ ಕಡೆ ಎಲ್ಲಾದರೂ ಕೂತುಕೋ. ನಾನು ಕರೆಯುವವರೆಗೆ ಬರಬೇಡ."

ಹೋದೆ. ಈ ವಯಸ್ಸಿನಲ್ಲಿ, ತಾಯಿ ಗದರಿಸಿದಳೆಂದು ಹೋದೆ. ಕೊಳದ ಒಂದು ಬದಿಗೆ ಉದ್ದನೆಯ ಹೆಂಚಿನ ಮಾಡು ಇಳಿಸಿದ ಓಣಿ ಇತ್ತು. ಒಂದೇ ಮಾಡು, ಒಳಗೆ ಎರಡು ದಾರಿ. ನಡುವೆ ಉದ್ದಕ್ಕೂ ಒಂದು ಗೋಡೆ. ಒಂದು ದಾರಿ ಕೊಳದ ಕಡೆಗೆ, ಇನ್ನೊಂದು ಗುಡ್ಡದ ಕಡೆಗೆ. ಗೋಡೆಯಲ್ಲಿ ಸಾಲಾಗಿ ಜಾಲಂಧ್ರದ ಕಿಟಕಿಗಳು, ಒಂದರ ನಮೂನೆ ಇನ್ನೊಂದಕ್ಕಿಲ್ಲ. ಬಾಗಿಲಿಲ್ಲ, ಗಾಜಿಲ್ಲ. ಇತ್ತ ನಡೆಯುವವನಿಗೆ ಅತ್ತಲಿನ ತೋಟ ಚೂರು ಚೂರಾಗಿ ಕಾಣಬೇಕು, ಆದರೆ ತಾನು ಒಬ್ಬನೇ ಇದ್ದೇನೆ ಎನ್ನಿಸಬೇಕು, ಅದಕ್ಕಾಗಿ ಹಾಗೆ ಕಟ್ಟಿದ್ದು. ನಾನು ಗುಡ್ಡದ ಕಡೆಯ ಕಟ್ಟೆಯಲ್ಲಿ ಕೂತು ಕಿಟಕಿಯ ಚಿತ್ತಾರವೊಂದನ್ನು ಕಾಗದದ ಮೇಲೆ ಬಿಡಿಸತೊಡಗಿದೆ. ಗೆರೆ ನೇರ ಬರಲಿಲ್ಲ.

ಸ್ವಲ್ಪ ಹೊತ್ತಿಗೆ ಗೋಡೆಯ ಆಚೆ ಬದಿಗೆ ಅಮ್ಮನ ಕೋಲಿನ ಸದ್ದು ಬಂತು. ಅವಳು "ಅಮ್ಮಾ ದೇವರೇ" ಎಂದು ಕೂತದ್ದು, ಅಣ್ಣ ಪಕ್ಕಕ್ಕೆ ಕೂತದ್ದು ಕೇಳಿಸಿತು. ಗೈಡ್ ಹುಡುಗಿಯೂ ಅಲ್ಲೇ ಇದ್ದಳು. ಅವಳ ಎದುರಿಗೆ, ಸುಝೌ ಪಟ್ಟಣದ ಮಧ್ಯೆ, ಅವರಿಬ್ಬರು ಗಟ್ಟಿ ದನಿಯಲ್ಲಿ ತುಳುವಿನಲ್ಲಿ ಮಾತಾಡಿದರು. ಯಾರಿಗೆ ಗೊತ್ತಾಗಬೇಕು ಅಲ್ಲಿ? ಅವರು ಆಡಿದ್ದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ನೀನು ಭಾರೀ ಅಮ್ಮ" ಎಂದ ಅಣ್ಣ, ನಗುತ್ತಾ. "ನಮ್ಮ ಬನದ ಕಲ್ಲುಗಳನ್ನು ನೀನೇ ನಿಂತು ಎಬ್ಬಿಸಿ ದೇವಸ್ಥಾನಕ್ಕೆ ಒಪ್ಪಿಸಿದೆ. ಜಾಗ ಲೇಔಟಿಗೆ ಕೊಟ್ಟಾಯಿತು, ಮನೆಗಳೂ ಎದ್ದಾಯಿತು. ಈಗ ಚೀನಾದ ಕಲ್ಲಿಗೆ ಕೈ ಮುಗಿಯುವುದಾ?"

"ಶಾಸ್ತ್ರ ಪ್ರಕಾರವೇ ಮಾಡಿದ್ದು. ಪ್ರಶ್ನೆ ಇಡಿಸಿ, ಜೋಯಿಸರನ್ನು ಕೇಳಿಯೇ ಎಬ್ಬಿಸಿದ್ದು."

"ಜೋಯಿಸರು ಇನ್ನೊಂದನ್ನೂ ಹೇಳಿದ್ದರಲ್ಲ. ಹುಡುಗಿಯ ಮೇಲೆ ಏನೂ ಇಲ್ಲ, ಅದು ಅಜ್ಜಿಯ ಕಾಲಕ್ಕೇ ತೀರಿದೆ ಅಂತ. ಇನ್ನಾದರೂ ಹೇಳು ಅವಳಿಗೆ, ಪಾಪ. ಆ ಠಾಣೆಯ ಮನುಷ್ಯ ಒಳ್ಳೆಯವನಂತೆ."

ನನ್ನ ಕೈಯ ಪೆನ್ಸಿಲು ನಿಂತಿತು.

"ಹೇಳಿದರೆ ನಾಳೆಯೇ ಹೋಗುತ್ತಾಳೆ" ಎಂದಳು ಅಮ್ಮ. ದನಿಯಲ್ಲಿ ಕೋಪವಿಲ್ಲ, ಏನೂ ಇಲ್ಲ, ಮೀನಿಗೆ ಹುಳಿ ಎಷ್ಟು ಎಂದು ಹೇಳುವ ದನಿ. "ಮತ್ತೆ ನನ್ನ ಕಾಲು ತೊಳೆಯುವುದು ಯಾರು? ನಿನ್ನ ಹೆಂಡತಿಯಾ? ಕೇಳಿಕೊಂಡು ಬಾ, ಕೂಡಲೇ ಹೇಳುತ್ತೇನೆ ಇವಳಿಗೆ."

ಅಣ್ಣ ಫೋನು ಒತ್ತುವ ಸದ್ದು ಕೇಳಿಸಿತು.

"ಹಾಗಾದರೆ ಬಾಯಿ ಮುಚ್ಚು. ನಾನು ಸತ್ತ ಮೇಲೆ ಹೇಳು. ಆಗ ಬೇಕಾದವರನ್ನು ಕಟ್ಟಿಕೊಳ್ಳಲಿ."

"ನನಗೆಂತ, ನಿನ್ನಿಷ್ಟ" ಎಂದ ಅಣ್ಣ.

ನಾನು ಎದ್ದು ಕಿಟಕಿಯಿಂದ ನೋಡಿದೆ. ಜಾಲಂಧ್ರದ ನಡುವೆ ಅಮ್ಮನ ನರೆತ ತುರುಬು, ನಾನೇ ಬೆಳಿಗ್ಗೆ ಕಟ್ಟಿದ್ದು. ಅವಳು ಬಗ್ಗಿ ಗಾಯದ ಕಾಲನ್ನು ಮೆತ್ತಗೆ ಸವರಿಕೊಳ್ಳುತ್ತಿದ್ದಳು. ಆ ತುರುಬು ಹಿಡಿದು ಎಳೆದು ಗೋಡೆಗೆ ಬಡಿಯಬೇಕು ಎನ್ನಿಸಿತು ನನಗೆ. ಎನ್ನಿಸಿತು ಅಷ್ಟೇ ಅಲ್ಲ, ಕೈ ಕಿಟಕಿಯವರೆಗೆ ಹೋಗಿತ್ತು. ಪ್ರತಿ ಪಂಚಮಿಗೆ ಇವರು ಎಲ್ಲಿಗೆ ಹೋಗುತ್ತಿದ್ದರು? ಇಲ್ಲದ ಬನಕ್ಕೆ ಹೋಗಿ, ಯಾವುದೋ ದೇವಸ್ಥಾನದ ಕಟ್ಟೆಗೆ ಹಾಲೆರೆದು, ಉಡುಪಿಯಲ್ಲಿ ಊಟ ಮಾಡಿ, ನನಗೆ ಪ್ರಸಾದ ತರುತ್ತಿದ್ದರು. ನಾನು ಕಣ್ಣಿಗೊತ್ತಿಕೊಳ್ಳುತ್ತಿದ್ದೆ. ಬನಕ್ಕೆ ಹೋಗಬಾರದವಳಿಗೆ ಮಾತ್ರ ಬನ ಇಲ್ಲದ್ದು ಗೊತ್ತಾಗುವುದು ಸಾಧ್ಯವಿರಲಿಲ್ಲ. ಎಷ್ಟು ಅಚ್ಚುಕಟ್ಟಾಗಿ ಕಟ್ಟಿದ್ದರು!

ಓಣಿಯ ಕೊನೆಗೆ ಸುತ್ತು ಹಾಕಿ ನಾನು ಕಲ್ಲಿನ ಹತ್ತಿರ ಹೋದೆ. ಅಂಗೈ ಪೂರ್ತಿ ಊರಿ ಮುಟ್ಟಿದೆ. ಒಂದು ತೂತಿನಲ್ಲಿ ಮೊಣಕೈವರೆಗೆ ಕೈ ತೂರಿಸಿದೆ. ತಣ್ಣಗಿತ್ತು. ಕಾವಲುಗಾರ ಬಂದು ಮುಟ್ಟಬಾರದೆಂದು ಕೈ ಆಡಿಸಿದ, ಅಷ್ಟೇ ಆದದ್ದು.

ಹೋಟೆಲಿಗೆ ಬಂದು ಅಮ್ಮನ ಕಾಲು ತೊಳೆದೆ. "ಮೆತ್ತಗೆ ಕಟ್ಟು" ಎಂದಳು. ಕಟ್ಟಿದೆ. ಮುಂಬಯಿಯಲ್ಲಿ ವಿಮಾನ ಇಳಿದ ಮೇಲೆ ಟ್ಯಾಕ್ಸಿಯವನಿಗೆ ನೆರೂಳದ ಬದಲು ಘಣಸೋಲಿ ಎಂದೆ. ಅಣ್ಣ ಗಾಬರಿಯಿಂದ ನೋಡಿದ. ಅವನ ಮನೆಯ ಸೋಫಾದ ಮೇಲೆ ಅಮ್ಮನನ್ನು ಕೂರಿಸಿ, ಮುಲಾಮು, ಮಾತ್ರೆ, ಪಟ್ಟಿಯ ಚೀಲವನ್ನು ಅತ್ತಿಗೆಯ ಕೈಗೆ ಕೊಟ್ಟೆ.

"ನಾಳೆ ಬಂದು ಕರೆದುಕೊಂಡು ಹೋಗುತ್ತೀಯಲ್ಲ?" ಎಂದಳು ಅಮ್ಮ.

"ಬರಬಾರದಲ್ಲ ಅಮ್ಮ. ನನಗೆ ದೋಷ ಉಂಟು. ಮಗನ ಸಂಸಾರಕ್ಕೆ ತಗಲಿದರೆ?" ಎಂದೆ, ತುಳುವಿನಲ್ಲಿ. "ಆ ಗೋಡೆಗೆ ಕಿಟಕಿ ಇತ್ತು, ನೀನು ನೋಡಲಿಲ್ಲ."

ಅವಳ ಮುಖದ ಬಣ್ಣ ಇಳಿಯಿತು. ಅದನ್ನು ನಿಂತು ನೋಡಿದೆ. ನೋಡಿ ಹೊಟ್ಟೆ ತಣ್ಣಗಾಯಿತು. ನಾನು ಅವಳಿಗೆ ತುಳುವಿನಲ್ಲಿ ಆಡಿದ ಕೊನೆಯ ಮಾತು ಅದು.

ಮರುದಿನ ಠಾಣೆಯ ಕೆರೆಯ ಕಟ್ಟೆಯ ಮೇಲೆ ಮೈಸೂರಿನ ಅವರನ್ನು ಕೂರಿಸಿಕೊಂಡು ಎಲ್ಲವನ್ನೂ ಹೇಳಿದೆ. ನಗುತ್ತಾ, ಅಳುತ್ತಾ, ಉಸಿರು ಸಿಕ್ಕಿಕೊಳ್ಳುವಂತೆ. ಕೊನೆಗೆ, "ಆಗೋಣ. ನಾಳೆ ಬೇಕಾದರೂ ಆಗೋಣ" ಎಂದೆ. ಅವರು ನನ್ನ ಕಡೆ ತಿರುಗಿದರು.

"ಒಂದು ಕೇಳ್ಲಾ? ಜೋಯಿಸರು ದೋಷ ಇದೆ ಅಂದಿದ್ರೆ ನೀವು ಇವತ್ತು ಬರ್ತಿದ್ರಾ?"

ಬರುತ್ತಿದ್ದೆ ಎಂದು ಹೇಳಲು ಬಾಯಿ ತೆರೆದೆ. ಅವರು ಗಾಡಿಯ ಹಿಂದೆ ಓಡುವುದು ಕಣ್ಣಿಗೆ ಬಂತು. "ಇಲ್ಲ" ಎಂದೆ.

"ನಾನು ಎಷ್ಟು ಸಲ ಕೇಳ್ದೆ, ನನ್ನ ಮಾತು ಮಾತಾಗ್ಲಿಲ್ಲ. ಮುಖ ನೋಡದ ಯಾವನೋ ಜೋಯಿಸ ಹೇಳಿದ್ದು ಮಾತಾಯ್ತು." ಅವರ ದನಿ ಏರಲಿಲ್ಲ. "ನನ್ನ ಹೆಂಡ್ತಿ ಹೋದಾಗ ನಮ್ಮನೆಯವರೂ ಯಾರ ದೋಷ ಅಂತ ಹುಡುಕಿದ್ರು. ನನ್ನದು ಅಂದ್ರು. ಅವಳ ತಾಯಿ ನನ್ನ ನೋಡ್ತಿದ್ದ ರೀತಿ ನಿಮಗೆ ಗೊತ್ತಿರತ್ತೆ. ನಾಳೆ ನನಗೊಂದು ಜ್ವರ ಬಂದ್ರೆ ನೀವು ಮತ್ತೆ ಹಾಗೆ ನೋಡ್ತೀರಿ, ನಿಮ್ಮನ್ನೇ ನೀವು. ಅದನ್ನ ನಾನು ಇನ್ನೊಂದ್ಸಲ ನೋಡಲಾರೆ ಕಣ್ರೀ."

ಎದ್ದು ಹೋದರು. ತಪ್ಪು ಹೇಳಿದ್ದರೆ ಜಗಳವಾಡಬಹುದಿತ್ತು. ಸರಿಯಾಗಿ ಹೇಳಿದ್ದಕ್ಕೆ ಅವರನ್ನು ದ್ವೇಷಿಸಿದೆ, ಇವತ್ತಿಗೂ ಕ್ಷಮಿಸಿಲ್ಲ. ಮುಂದೆ ಆಫೀಸಿನಲ್ಲಿ ಅವರು ನನ್ನನ್ನು ಮೇಡಂ ಎನ್ನತೊಡಗಿದರು. ಠಾಣೆಯ ತೋಟಕ್ಕೆ ನಾನು ನಡುಗೋಡೆ, ಎರಡು ದಾರಿ, ಸಾಲು ಕಿಟಕಿ ಬರೆದು ಕೊಟ್ಟಿದ್ದೆ. ಬಿಲ್ಡರ ಗೋಡೆಯನ್ನು ಉಳಿಸಿ ಕಿಟಕಿಗಳನ್ನು ತೆಗೆಸಿದ. ಪ್ರೈವಸಿ ಬೇಕಂತೆ ಜನಕ್ಕೆ. ಡ್ರ್ಯಾಗನ್ನು ಮಾತ್ರ ಇದೆ.

ಅಮ್ಮ ಘಣಸೋಲಿಯಲ್ಲಿ ಬಹಳ ದಿನ ಉಳಿಯಲಿಲ್ಲ. ಅತ್ತಿಗೆಗೆ ಗಾಯದ ವಾಸನೆ ಆಗಿ ಬರುವುದಿಲ್ಲ, ಅಣ್ಣನಿಗೆ ಸಮಯವಿಲ್ಲ. ಒಂದು ಬೆಳಿಗ್ಗೆ ಅಣ್ಣ ಅವಳನ್ನು ಎತ್ತಿಕೊಂಡೇ ನನ್ನ ಬಾಗಿಲಿಗೆ ಬಂದ. ಪಟ್ಟಿ ಯಾವಾಗ ಕಟ್ಟಿದ್ದೋ, ಬಿಚ್ಚಿದರೆ ಹೆಬ್ಬೆರಳು ಕಪ್ಪಾಗಿತ್ತು. ಆಸ್ಪತ್ರೆಯಲ್ಲಿ ಅದನ್ನು ತೆಗೆದರು. ಅಣ್ಣ ಆಸ್ಪತ್ರೆಯಿಂದಲೇ ಕೈ ತೊಳೆದುಕೊಂಡ. ಭಾನುವಾರ ಬರುವುದನ್ನೂ ನಿಲ್ಲಿಸಿದ.

ಈಗ ಅಮ್ಮ ನನ್ನ ಜೊತೆಗೇ ಇದ್ದಾಳೆ. ಅವಳು ಬಯಸಿದ್ದೂ ಅದನ್ನೇ ಅಲ್ಲವೇ? ನಾನು ಯಾವುದಕ್ಕೂ ಕಡಿಮೆ ಮಾಡುವುದಿಲ್ಲ. ಕಾಲು ತೊಳೆಯುತ್ತೇನೆ, ತುರುಬು ಕಟ್ಟುತ್ತೇನೆ, ಹೊತ್ತಿಗೆ ಸರಿಯಾಗಿ ಮಾತ್ರೆ. ನೆರೆಯವರು ಇಂಥ ಮಗಳು ಸಿಗಲಿಕ್ಕೆ ಪುಣ್ಯ ಬೇಕು ಎನ್ನುತ್ತಾರೆ. ಆದರೆ ಅವಳ ಜೊತೆ ನಾನು ಹಿಂದಿಯಲ್ಲಿ ಮಾತಾಡುತ್ತೇನೆ, ಹಿಂದಿಯಲ್ಲಿ ಮಾತ್ರ. ಆಸ್ಪತ್ರೆಯ ನರ್ಸು ಗುರುತಿಲ್ಲದ ಪೇಶಂಟಿನ ಜೊತೆ ಆಡುವ ಮರ್ಯಾದೆಯ ಹಿಂದಿ. ಊಟಕ್ಕೆ ಕರೆಯುವಾಗ ಖಾನಾ ಖಾ ಲೀಜಿಯೇ. ಮಲಗಿಸುವಾಗ ಸೋ ಜಾಯಿಯೇ. ಅವಳಿಗೆ ಬರುವುದು ತರಕಾರಿ ಮಾರುವವನ ಜೊತೆ ಚೌಕಾಸಿ ಮಾಡುವಷ್ಟು ಹಿಂದಿ. ಬೆರಳು ಹೋದ ಮೇಲೆ ನಡೆದು ಭಜನೆಗೂ ಹೋಗಲಾರಳು, ಮನೆಗೆ ಬರುವ ತುಳುವರೂ ಇಲ್ಲ. ಮೊದಮೊದಲು ಬೈದಳು. ಆಮೇಲೆ ತಾನೊಬ್ಬಳೇ ತುಳುವಿನಲ್ಲಿ ಗೋಡೆಯ ಜೊತೆ ಮಾತಾಡಿದಳು. ಕೇಳಿಸಿಕೊಳ್ಳುತ್ತಿದ್ದೆ. ನನಗೆ ಸಂತೋಷವಾಗುತ್ತಿತ್ತು. ಹೌದು, ಸಂತೋಷವೇ, ಅದಕ್ಕೆ ಬೇರೆ ಹೆಸರು ಕೊಡಲಾರೆ.

ನಿನ್ನೆ ಬೆಳಿಗ್ಗೆ ನಾನು ಉಗುರುಬೆಚ್ಚಗಿನ ನೀರು ತಂದು ಅವಳ ಮುಂದೆ ಕೂತಾಗ ಅವಳು ನನ್ನ ಎರಡೂ ಕೈ ಹಿಡಿದುಕೊಂಡಳು. ಗಲ್ಲ ಒದ್ದೆಯಾಗಿತ್ತು. "ಒಂದು ಮಾತು ತುಳುವಿನಲ್ಲಿ ಆಡು ಮಗಾ" ಎಂದಳು. "ಬೈಯಿ ಬೇಕಾದರೆ. ಸಾಯಿ ಅಂತ ಹೇಳು. ತುಳುವಿನಲ್ಲಿ ಹೇಳು, ಸಾಕು."

ನಾನು ಮೆತ್ತಗೆ ನನ್ನ ಕೈ ಬಿಡಿಸಿಕೊಂಡು ಬೇಸಿನನ್ನು ಅವಳು ಕಾಲಿಡುವಷ್ಟು ಹತ್ತಿರಕ್ಕೆ ಸರಿಸಿದೆ.

"ಪಾಂವ್ ಇಧರ್ ರಖಿಯೇ" ಎಂದೆ.